ಕೆಂಪು ಬಟ್ಟೆಯ ಗಂಟು

ಭಾವನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಸೀಳಿನೊಳಗೆ ಕೂತಿದ್ದ ಗ್ರೀಸಿನ ಕರಿ, ಒಲೆಬೂದಿ ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಅಳಿಯ ಇಂಜಿನಿಯರು ಎಂದು ಊರೆಲ್ಲ ಹೇಳಿಕೊಂಡಿದ್ದ ಅಮ್ಮನಿಗೆ ಆ ಕೈ ನೋಡಿದರೆ ಆಗದು. "ಇಂಜಿನಿಯರೋ ಕಮ್ಮಾರನೋ ಗೊತ್ತಾಗಕಿಲ್ಲ ಕಣವ್ವ" ಎಂದು ಅಕ್ಕನನ್ನು ಚುಚ್ಚುತ್ತಿದ್ದಳು.

ಮದ್ದೂರಿನಲ್ಲಿ ಅವರಿಗೆ ಸರ್ಕಾರಿ ನೌಕರಿ. ರಜೆ ಸಿಕ್ಕರೆ ಆತಗೂರು ಕಡೆಯ ನಮ್ಮ ಹಳ್ಳಿಗೆ ಬಂದು ಏನಾದರೊಂದನ್ನು ಬಿಚ್ಚಿ ಹರಡಿಕೊಂಡು ಕೂರುತ್ತಿದ್ದರು. ಹೊಗೆ ತುಂಬುತ್ತಿದ್ದ ಅಡುಗೆಮನೆಗೆ ಸೀಮೆಎಣ್ಣೆ ಡಬ್ಬ ಕತ್ತರಿಸಿ ಹೊಗೆಕೊಳವೆ ಮಾಡಿದರು. ಬಿದ್ದ ಕೊಟ್ಟಿಗೆಯ ತೊಲೆ, ಹೆಂಚುಗಳಲ್ಲೇ ಹಿತ್ತಿಲಿನಲ್ಲಿ ಬಚ್ಚಲುಮನೆ ಎದ್ದಿತು. "ಅಳೇದು ಅನ್ಬೇಡಿ, ಕೆಲ್ಸ ಬಾಕಿ ಅದೆ ಅನ್ನಿ" ಎನ್ನುವುದು ಅವರ ಮಾತು.

ಮುಗಿಯದ ಕೆಲಸಕ್ಕೆ ಕೆಂಪು ಬಟ್ಟೆಯ ಚೂರು ಕಟ್ಟುತ್ತಿದ್ದರು. ಅದಿರುವ ತನಕ ಯಾರೂ ಮುಟ್ಟಬಾರದು. ಯಾರ ಮಾತನ್ನೂ ಕೇಳದ ಅಪ್ಪ ಕೂಡ ಇದೊಂದನ್ನು ಪಾಲಿಸುತ್ತಿದ್ದರು.

ಯುದ್ಧದ ಕಾಲ. ಪೆಟ್ರೋಲಿಲ್ಲದೆ ಮೂಲೆಗೆ ಬಿದ್ದು, ಕೋಳಿಗಳು ಮೊಟ್ಟೆಯಿಡುತ್ತಿದ್ದ ಕಾರೊಂದನ್ನು ಭಾವ ಮದ್ದೂರಿನಿಂದ ಎತ್ತು ಕಟ್ಟಿ ಎಳೆಸಿಕೊಂಡು ಬಂದರು. ಸೀಟಿಗೆ ತೆಂಗಿನ ನಾರು ತುಂಬಿ ಗೋಣಿ ಹೊಲಿದರು. ಇದ್ದಿಲ ಗ್ಯಾಸಿನಲ್ಲಿ ಓಡಿಸಲು ಹಿಂದೊಂದು ಪೀಪಾಯಿ ಕೂರಿಸಿದರು. ಉಳಿದಿದ್ದು ಬ್ರೇಕು.

ಬ್ರೇಕಿನ ಸರಳನ್ನು ಬಿಚ್ಚಿ ಮದ್ದೂರಿನ ಕುಲುಮೆಗೆ ಕೊಟ್ಟಿದ್ದರು. ಆಯುಧಪೂಜೆಯ ಬೆಳಿಗ್ಗೆ ತರಲು ಹೋದರೆ, ಕುಲುಮೆಯವನು ಸುತ್ತಿಗೆ ಇಕ್ಕಳಗಳ ಜೊತೆ ಅದನ್ನೂ ಪೂಜೆಗಿಟ್ಟುಬಿಟ್ಟಿದ್ದನಂತೆ. ಪೂಜೆ ಮುಗಿಯದೆ ತೆಗೆಯುವಂತಿಲ್ಲ.

ಇತ್ತ, ನನ್ನನ್ನು ಸೊಸೆಯಾಗಿ ಕೇಳಿದ್ದ ಪೂರಿಗಾಲಿಯವರು ಹಬ್ಬಕ್ಕೆ ಬಂದಿದ್ದರು. ನಾನು ಕಾರು ತೊಳೆದು ಕುಂಕುಮ ಇಡುತ್ತಿದ್ದೆ. ಸ್ಟೇರಿಂಗಿಗೆ ಕಟ್ಟಿದ್ದ ಜಿಡ್ಡು ಹಿಡಿದ ಕೆಂಪು ಬಟ್ಟೆ ಅವರ ಕಣ್ಣಿಗೆ ಬಿದ್ದರೆ ಏನಂದುಕೊಂಡಾರು ಅನ್ನಿಸಿತು. ಅದೇಕೆ ಅಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಪೂಜೆಯಾದ ಮೇಲೆ ಬೇರೆ ಕಟ್ಟಿದರಾಯಿತೆಂದು ಬಿಚ್ಚಿ ಹಂಡೆಯೊಲೆಗೆ ಹಾಕಿದೆ. ಆ ಜಾಗಕ್ಕೆ ಚೆಂಡುಹೂವಿನ ಸರ ಸುತ್ತಿದೆ.

ಮಂಗಳಾರತಿ ಆಯಿತು. ಇನ್ನು ಚಕ್ರಗಳು ನಿಂಬೆಹಣ್ಣು ತುಳಿಯಬೇಕು. ರಾಹುಕಾಲ ಹತ್ತಿರವಾದರೂ ಭಾವನ ಸುಳಿವಿಲ್ಲ. ಅಪ್ಪ ತಾವೇ ಹತ್ತಿ ಕೂತು ಸ್ಟೇರಿಂಗು ನೋಡಿದರು.

"ಕೆಂಪು ಬಟ್ಟೆ ಬಿಚ್ಚವ್ನೆ. ಕೆಲ್ಸ ಮುಗಿದದೆ, ತಳ್ರಲಾ" ಎಂದು ಆಳುಗಳಿಗೆ ಹೇಳಿದರು.

ನಾನು ಆರತಿ ತಟ್ಟೆ ಹಿಡಿದು ಎರಡು ಮಾರು ದೂರದಲ್ಲಿದ್ದೆ. ಬೇಡ ಎನ್ನಲು ಒಂದು ಮಾತು ಸಾಕಿತ್ತು. ಅತ್ತೆಯಾಗಲಿದ್ದವರು ನನ್ನನ್ನೇ ನೋಡುತ್ತಿದ್ದರು. ಮೂರಡಿ ತಳ್ಳಿದರೆ ಏನಾದೀತು ಅಂದುಕೊಂಡು ತುಟಿ ಪಿಟಕ್ಕೆನ್ನಲಿಲ್ಲ.

ನಿಂಬೆಹಣ್ಣು ತುಳಿದ ಕಾರು ನಿಲ್ಲಲೇ ಇಲ್ಲ. ಇಳಿಜಾರು ಬೀದಿಯಲ್ಲಿ ಓಡಿ ಹುಣಿಸೆಮರಕ್ಕೆ ಬಡಿಯಿತು. ಅಪ್ಪನ ಮಂಡಿ ಪುಡಿಯಾಯಿತು.

ಸರಳು ಹೊತ್ತು ಬಂದ ಭಾವನನ್ನು ಅಪ್ಪ ಬಿದ್ದಲ್ಲಿಂದಲೇ ಬೈದರು. "ಒಂದು ಬಟ್ಟೆ ಚೂರು ಕಟ್ಟಕ್ಕಾಗ್ನಿಲ್ವಾ ನಿಂಗೆ? ಏನು ಓದಿ ಏನು ಬಂತು?"

ಭಾವ ಸ್ಟೇರಿಂಗಿನ ಚೆಂಡುಹೂ ನೋಡಿದರು. ಆಮೇಲೆ ನನ್ನ ಕೈ ನೋಡಿದರು. ಅರಿಶಿನದ ಮೇಲೆ ಗ್ರೀಸು ಮೆತ್ತಿತ್ತು.

"ಮರ್ತೆ ಮಾವ" ಎಂದರು.

ಪೂರಿಗಾಲಿಗೆ ನನ್ನ ಮದುವೆಯಾಯಿತು. ಭಾವ ಆ ಕಾರನ್ನು ಬಿಚ್ಚಿ, ಅದರ ಚಕ್ರ, ಸ್ಪ್ರಿಂಗುಗಳನ್ನು ಹಾಕಿ, ಅಪ್ಪ ಕಾಲೆತ್ತದೆ ಹತ್ತಲು ತಗ್ಗಾದ ಎತ್ತಿನಗಾಡಿ ಮಾಡಿಕೊಟ್ಟರು. ಅಪ್ಪ ಅದರಲ್ಲೇ ಓಡಾಡುತ್ತ ಅಳಿಯನ ಮರೆವನ್ನು ಊರೂರಿಗೆ ಹೇಳಿದರು. ಆಮೇಲೆ ಯಾರೂ ಭಾವನ ಕೈಗೆ ಒಂದು ಬೀಗ ರಿಪೇರಿಗೂ ಕೊಡಲಿಲ್ಲ.

ಒಮ್ಮೆ ನಾನು ತವರಿಗೆ ಬಂದಾಗ ಭಾವ ಗಾಡಿಯ ಚಕ್ರ ಬಿಚ್ಚಿಕೊಂಡು ಕೂತಿದ್ದರು. ಕೆಂಪು ಬಟ್ಟೆಯ ಚೂರನ್ನು ನನ್ನ ಕಡೆ ಚಾಚಿ, "ನೀನೇ ಕಟ್ಟಮ್ಮಿ, ನನ್ ಕೈಯೆಲ್ಲ ಜಿಡ್ಡು" ಎಂದರು. ಅದರಲ್ಲಿ ಕೊಂಕಿರಲಿಲ್ಲ.

"ಭಾವ, ಅವತ್ತು ನಾನು..." ಎಂದೆ.

"ಗಂಟು ಬಿಗಿಯಾಗಿ ಆಕು" ಎಂದು ಕೆಲಸಕ್ಕೆ ಬಗ್ಗಿದರು.

ಸ್ವಾತಂತ್ರ್ಯ ಬಂದ ವರ್ಷವೇ ವಿಷಮಶೀತ ಜ್ವರದಲ್ಲಿ ಭಾವ ತೀರಿಕೊಂಡರು. ಅಪ್ಪ ಅದೇ ಗಾಡಿಯಲ್ಲಿ ಮದ್ದೂರಿಗೆ ಬಂದರು. ಆ ಸೀಳು ಉಗುರಿನ ಕೈಯನ್ನು ಹಿಡಿದುಕೊಂಡು ಅತ್ತರು.

"ಚಿನ್ನದಂತ ಮನ್ಸ. ಅದೊಂದಿನ ಮರ್ತ, ಅಷ್ಟೇಯ."

ಅಕ್ಕ ತಲೆ ತಗ್ಗಿಸಿದಳು. ನಾನು ಅವಳ ಮಗ್ಗುಲಲ್ಲೇ ಕೂತಿದ್ದೆ. ಆಗಲೂ ಹೇಳಲಿಲ್ಲ.