ಅಮ್ಮನ ಕೀಗೆ ಒಂದು ಲೇತ್

ಸುಟ್ಟ ಎಣ್ಣೆಯೂ ಬಿಸಿ ಕಬ್ಬಿಣವೂ ಬೆರೆತ ಆ ವಾಸನೆಯನ್ನು ನೀವು ಚಿಕ್ಕಂದಿನಲ್ಲಿ ಕುಡಿದಿದ್ದರೆ ಅದು ಮೂಗಿನಿಂದ ಹೋಗುವುದಿಲ್ಲ. ಈಚೆಗೆ ಜರಗನಹಳ್ಳಿಯ ಶೆಡ್ಡೊಂದರಲ್ಲಿ, ಹಳೇ ಮೆಷಿನ್ ಮಾರುವವನು ನನಗೆ ತೋರಿಸಲೆಂದು ಲೇತ್ ಚಾಲೂ ಮಾಡಿ, ತಿರುಗುವ ಸರಳಿಗೆ ಉಳಿ ತಾಕಿಸಿದ. ಕಬ್ಬಿಣದ ಸುರುಳಿ ಹೊಗೆಯಾಡುತ್ತ ಕೆಳಗೆ ಬಿತ್ತು. ಹೆಗಲಿಗೆ ಬ್ಯಾಗು ಹಾಕಿಕೊಂಡು ನಿಂತಿದ್ದ ಐವತ್ತು ದಾಟಿದ ನಾನು ಹನುಮಂತನಗರದ ನಮ್ಮ ಹಳೇ ಮನೆಯ ಮುಂದಿನ ಕೋಣೆಗೆ ಹೋಗಿಬಿಟ್ಟೆ. ಆ ಮನೆ ಈಗಿಲ್ಲ. ಅಲ್ಲಿ ನಾಲ್ಕಂತಸ್ತಿನ ಕಟ್ಟಡ ಎದ್ದಿದೆ, ಆ ಕೋಣೆಯಿದ್ದಲ್ಲಿ ಯಾರದೋ ಕಾರು ನಿಲ್ಲುತ್ತದೆ.

ಅಪ್ಪ ಕಾರ್ಖಾನೆಯಲ್ಲಿ ಲೇತ್ ನಡೆಸುವ ಟರ್ನರ್ ಆಗಿದ್ದರು. ಕಣ್ಣು ಮಂಜಾಗಿ ಅಳತೆಯ ಗೆರೆ ಕಾಣದಂತಾದಾಗ ಕೆಲಸ ಬಿಟ್ಟು, ಒಂದು ಸಣ್ಣ ಲೇತ್ ತಂದು ಮುಂದಿನ ಕೋಣೆಯಲ್ಲಿ ಕೂರಿಸಿದರು. ಕಣ್ಣು ಕಾಣದವನಿಗೆ ಇದೆಂಥ ಹುಚ್ಚು ಎಂದು ನೆಂಟರೆಲ್ಲ ಆಡಿಕೊಂಡರಂತೆ. ಅದನ್ನು ನಡೆಸಿದವಳು ನಮ್ಮಮ್ಮ. ಅಪ್ಪ ಪಕ್ಕದ ಸ್ಟೂಲಿನಲ್ಲಿ ಕೂತು, ಸದ್ದು ಕೇಳಿಯೇ ಉಳಿ ಮೊಂಡಾಯಿತೆಂದು ಹೇಳುತ್ತಿದ್ದರು. ಅಮ್ಮ ಸೀರೆಯ ಮೇಲೆ ಅವರ ಹಳೇ ಖಾಕಿ ಅಂಗಿ ತೊಟ್ಟು, ಸೆರಗನ್ನು ಅದರೊಳಗೆ ಬಿಗಿಯಾಗಿ ಸಿಕ್ಕಿಸಿ ನಿಲ್ಲುತ್ತಿದ್ದಳು. ಗಾಜಿನ ಬಳೆ ಬಿಚ್ಚಿಡುವುದು ಮುತ್ತೈದೆಗೆ ಸಲ್ಲದೆಂದು ಅವನ್ನು ಮೊಣಕೈವರೆಗೆ ಏರಿಸಿ, ಮೇಲೆ ಬಟ್ಟೆ ಸುತ್ತಿ ಕಟ್ಟಿಕೊಳ್ಳುತ್ತಿದ್ದಳು. ಪಂಪ್ ರಿಪೇರಿ ಅಂಗಡಿಗಳಿಗೆ ಹಿತ್ತಾಳೆಯ ಬುಷ್ ಮಾಡಿಕೊಡುವುದೇ ಮುಖ್ಯ ಕೆಲಸ. ಉಂಗುರದಂಥ ಆ ಬುಷ್‌ಗಳನ್ನು ಅವಳು ಸಾಲಾಗಿ ಕಿಟಕಿಯಲ್ಲಿ ಜೋಡಿಸಿದರೆ ಸಂಜೆ ಬಿಸಿಲಿಗೆ ಕೋಣೆಯೆಲ್ಲ ಹಳದಿಯಾಗುತ್ತಿತ್ತು.

ಆದರೆ ಗೇಟಿನ ಸದ್ದಾಯಿತೋ, ಅಮ್ಮ ಸ್ವಿಚ್ ಆರಿಸಿ, ಕೈಗೆ ಸುತ್ತಿದ ಬಟ್ಟೆ ಬಿಚ್ಚಿ, ಬಳೆ ಇಳಿಸಿಕೊಂಡು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಅಪ್ಪ ಎಣ್ಣೆ ಡಬ್ಬಿಗೆ ಎರಡು ಬೆರಳು ಅದ್ದಿ, ಒಣಗಿದ ಅಂಗೈಗೆ ಸವರಿಕೊಂಡು, ವೇಸ್ಟ್ ಬಟ್ಟೆಯಲ್ಲಿ ಒರೆಸುತ್ತ ಹೊರಗೆ ಬರುತ್ತಿದ್ದರು. ನನಗದು ಆಟದಂತೆ ಕಾಣುತ್ತಿತ್ತು. ಒಂಬತ್ತು ವರ್ಷದವಳಿದ್ದಾಗ ಒಂದು ದಿನ, ಪಂಪ್ ಅಂಗಡಿಯ ಯಜಮಾನರು ಬುಷ್ ಕೈಯಲ್ಲಿ ಹಿಡಿದು ಅಪ್ಪನನ್ನು ಬಾಯ್ತುಂಬ ಹೊಗಳಿದರು. ಮೆಟ್ಟಿಲ ಮೇಲೆ ಮಗ್ಗಿ ಬರೆಯುತ್ತಿದ್ದ ನಾನು ತಲೆಯೆತ್ತಿ ಹೇಳಿದೆ:

"ಅಪ್ಪ ಮಾಡಿದ್ದಲ್ಲ ಅಂಕಲ್, ಅಮ್ಮ ಮಾಡಿದ್ದು."

ಅವರು ನಕ್ಕರು. ಆಮೇಲೆ ಜೇಬಿನಿಂದ ವರ್ನಿಯರ್ ತೆಗೆದು ಒಂದೊಂದೇ ಬುಷ್ ಅಳೆದರು. ಒಂದರಲ್ಲೂ ಕೂದಲೆಳೆಯಷ್ಟು ತಪ್ಪು ಸಿಗಲಿಲ್ಲ. ಆದರೂ ಅವರು ಮತ್ತೆ ಬರಲಿಲ್ಲ, ಅವರಿಂದ ಸುದ್ದಿ ಕೇಳಿದ ಮಿಕ್ಕ ಅಂಗಡಿಯವರೂ ಬರಲಿಲ್ಲ. ಆಯುಧಪೂಜೆಗೆ ಮೊದಲೇ ಲೇತ್ ಗುಜರಿ ಸೇರಿತು. ಅದನ್ನು ಗಾಡಿಗೆ ಏರಿಸುವಾಗ ಅಮ್ಮ, ಸರಳನ್ನು ಕಚ್ಚಿ ಹಿಡಿಯುವ ಚಕ್ ಬಿಗಿಮಾಡುವ ಕೀಯನ್ನು ಮಾತ್ರ ಸೆರಗಿನಲ್ಲಿ ಅಡಗಿಸಿಟ್ಟುಕೊಂಡಳು. ನಾನು ಅಳುತ್ತಿದ್ದರೆ ತಲೆ ಸವರಿ, "ನೀನೇನು ಸುಳ್ಳು ಹೇಳಿದ್ಯಾ? ಬಿಡು," ಎಂದಳು. ಆಮೇಲೆ ಬದುಕಿರುವ ತನಕ ಬೀದಿಯವರ ರವಿಕೆ ಹೊಲಿದಳು. ಅದನ್ನು ಯಾರೂ ವರ್ನಿಯರ್ ಹಿಡಿದು ಅಳೆಯಲಿಲ್ಲ. ನನಗೆ ಆ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಇಲ್ಲ.

ಅದಕ್ಕೇ ನಾನು ಕೆಲಸದಿಂದ ನಿವೃತ್ತಿ ಪಡೆದ ಮೇಲೆ, ಮಕ್ಕಳ ವಯಸ್ಸಿನವರ ಜೊತೆ ಆರು ತಿಂಗಳು ತರಬೇತಿಗೆ ಹೋಗಿ ಲೇತ್ ಕಲಿತೆ. ಜರಗನಹಳ್ಳಿಯ ಮೆಷಿನ್ ಮಾರುವವನು, ನಿಮ್ಮನೆ ಸಾರ್ ಯಾವಾಗ ಬಂದು ನೋಡುತ್ತಾರೆ ಎಂದು ಕೇಳಿದ. ನಾನು, ಅಮ್ಮ ಮಾಡುತ್ತಿದ್ದಂತೆ, ಉಳಿ ಸರಿಯುವ ಲೇತಿನ ಹಾಸಿನ ಮೇಲೆ ಹೆಬ್ಬೆರಳ ಉಗುರು ಎಳೆಯುತ್ತ ಬಂದೆ. ಚಕ್‌ನ ಹತ್ತಿರ ಉಗುರು ಸಣ್ಣಗೆ ಇಳಿಯಿತು. ಇಲ್ಲಿ ಸವೆದಿದೆ, ಆದರೂ ಕೆಲಸಕ್ಕೆ ಬರುತ್ತದೆ ಎಂದೆ. ಅವನು ಮತ್ತೆ ಸಾರ್ ಸುದ್ದಿ ಎತ್ತಲಿಲ್ಲ. ಬ್ಯಾಗಿನಿಂದ ಅಮ್ಮನ ಕೀ ತೆಗೆದು ಚಕ್‌ಗೆ ಹಾಕಿದೆ. ಕೀ ದಪ್ಪ, ಚಕ್‌ನ ತೂತು ಸಣ್ಣದು. ಬೇರೆ ಚಕ್ ಬೇಕೆಂದಾಗ ಅವನಿಗೆ ನಗು ತಡೆಯಲಾಗಲಿಲ್ಲ.

"ಚಕ್‌ಗೆ ಕೀ ಹುಡುಕ್ತಾರೆ ಮೇಡಂ, ಕೀಗೆ ಚಕ್ ಹುಡುಕೋರನ್ನ ನಾನು ನೋಡೇ ಇಲ್ಲ."

"ಈಗ ನೋಡಿ," ಎಂದೆ.

ಲೇತನ್ನು ಅವನಿಂದಲೇ ಕೊಂಡೆ. ಚಕ್ ಹುಡುಕುತ್ತ ಹೋದ ಹಳೇ ಸಾಮಾನಿನ ಮೂರನೇ ಅಂಗಡಿಯಲ್ಲಿ, ಧೂಳು ತಿಂದ ಒಂದು ಚಕ್‌ಗೆ ಆ ಕೀ ತಡೆಯಿಲ್ಲದೆ ಇಳಿದು ಕೂತಿತು. ಅಲ್ಲೇ ನಿಂತು ಅತ್ತುಬಿಟ್ಟೆ, ಅಂಗಡಿಯವನು ನೋಡಿದರೆ ನೋಡಲಿ ಎಂದು. ಈಗ ಜೆ.ಪಿ. ನಗರದ ನಮ್ಮ ಮನೆಯ ಕಾರು ಬೀದಿಗೆ ಹೋಗಿ, ಅದರ ಜಾಗದಲ್ಲಿ ಲೇತ್ ನಿಂತಿದೆ. ನಮ್ಮನೆಯವರು ಗೊಣಗುತ್ತಲೇ ಅದರ ಕಾಲಿಗೆ ತಗಡು ಕೊಟ್ಟು ಮಟ್ಟ ಮಾಡಿದರು, ಮನೆಯ ಕರೆಂಟಿಗೆ ಓಡುವ ಸಿಂಗಲ್ ಫೇಸ್ ಮೋಟಾರ್ ಕೂರಿಸಲು ಕೈಜೋಡಿಸಿದರು.

ಹೋದ ಭಾನುವಾರ ಹಿತ್ತಾಳೆ ತಿರುಗಿಸುತ್ತಿದ್ದಾಗ ಗೇಟಿನ ಸದ್ದಾಯಿತು. ಕೈ ತಾನಾಗಿ ಸ್ವಿಚ್ಚಿಗೆ ಹೋಯಿತು. ಅಮ್ಮನಲ್ಲಿ ಕಂಡ ಆ ಅಭ್ಯಾಸವನ್ನು ಅಷ್ಟು ವರ್ಷಗಳಾದರೂ ನನ್ನ ಮೈ ಮರೆತಿಲ್ಲ. ಬೀದಿಯ ಪ್ಲಂಬರ್ ಸವೆದ ಬುಷ್ ಹಿಡಿದು ನಿಂತಿದ್ದ. "ಕೆಲಸ ಮಾಡೋರು ಇಲ್ವಾ ಅಕ್ಕ?" ಎಂದ.

"ನಾನೇ ಮಾಡೋದು. ನಮ್ಮಮ್ಮ ಮಾಡ್ತಿದ್ದ ಕೆಲಸ. ಕೂತ್ಕೊಳ್ಳಿ."

ಅವನು ಅಪ್ಪನ ಸ್ಟೂಲಿನಂಥದ್ದೇ ಸ್ಟೂಲಿನ ಮೇಲೆ ಕೂತು ಕಾದ. ನಾನು ಸ್ವಿಚ್ ಆರಿಸಲಿಲ್ಲ, ಮೊಣಕೈಗೆ ಏರಿಸಿದ ಬಳೆಗಳನ್ನು ಇಳಿಸಲೂ ಇಲ್ಲ.