ಬಬಲೇಶ್ವರದ ನೆಗೆಣ್ಣಿಯನ್ನು ಕಾಣಹೋದದ್ದು

ಗದಗಿನಲ್ಲಿ ವಿಜಯಪುರದ ರೈಲು ಹತ್ತಿದಾಗ ಇನ್ನೂ ಬಿಸಿಲು ಏರಿರಲಿಲ್ಲ. ಎದುರಿಗೆ ಕೂತ ಹೆಂಗಸು ಬಾದಾಮಿ ದಾಟುತ್ತಲೇ ಡಬ್ಬಿ ಬಿಚ್ಚಿ ಒಂದು ಶೇಂಗಾ ಹೋಳಿಗೆ ನನ್ನ ಕಡೆ ಚಾಚಿದಳು. ಹೊಟ್ಟೆ ಸರಿಯಿಲ್ಲವೆಂದು ಸುಳ್ಳು ಹೇಳಿದೆ. ರೈಲಿನಲ್ಲಿ ಗುರುತಿಲ್ಲದವರು ಕೊಟ್ಟದ್ದನ್ನು ನಾನು ತಿನ್ನುವುದಿಲ್ಲ. ಗುರುತಿನವರು ಕೊಟ್ಟರೂ ಒಮ್ಮೆ ಮೂಸಿ ನೋಡುತ್ತೇನೆ. ಆಲಮಟ್ಟಿಯ ಹತ್ತಿರ ಕೃಷ್ಣೆಯ ಸೇತುವೆ ಬಂದಾಗ ಎಲ್ಲರೂ ಕಿಟಕಿಗೆ ಬಗ್ಗಿದರು. ನಾನು ಚೀಲದ ಮೇಲೆ ಕೈಯಿಟ್ಟುಕೊಂಡು ಕೂತೆ.

ಹೊರಟದ್ದು ಊರು ನೋಡಲಲ್ಲ. ನನ್ನ ಅಕ್ಕನ ಮಗಳು ರೇಣುಕಾಳನ್ನು ತಿಕೋಟಾಕ್ಕೆ ಕೊಟ್ಟಿದೆ. ಗಂಡ ಬಸವರಾಜ ಹೊನವಾಡದ ದಾರಿಯಲ್ಲಿ ದ್ರಾಕ್ಷಿ ತೋಟ ಮಾಡುತ್ತಾನೆ. ಮದುವೆಯಾಗಿ ವರ್ಷಗಳಾದರೂ ಮಕ್ಕಳಿಲ್ಲ. ಅವಳ ಅಂಡಾಣುವಿನಿಂದ ಗರ್ಭ ನಿಲ್ಲುವುದಿಲ್ಲ, ಬೇರೆ ಹೆಣ್ಣಿನ ಅಂಡಾಣು ಪಡೆದು ಗಂಡನ ವೀರ್ಯದೊಂದಿಗೆ ಕೂಡಿಸಿ ಇವಳ ಗರ್ಭದಲ್ಲೇ ಬೆಳೆಸಬಹುದು ಎಂದು ಡಾಕ್ಟರು ಹೇಳಿದ್ದರು. ಕೊಡಲು ಮನೆಯಲ್ಲೇ ಒಬ್ಬರು ಸಿಕ್ಕಿದ್ದಾರೆಂದು ರೇಣುಕಾ ಫೋನಿನಲ್ಲಿ ಹೇಳಿದಳು. ಯಾರು ಎಂದು ಕೇಳಿದೆ. ನೆಗೆಣ್ಣಿ ಕಸ್ತೂರಿ, ಎಂದರೆ ಬಸವರಾಜನ ಅಣ್ಣನ ಹೆಂಡತಿ. ನನಗೆ ಅಲ್ಲಿಗೇ ಮೈಯೆಲ್ಲ ಕಿವಿಯಾಯಿತು.

ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡು ಬೇರೆಯಾದವರು. ಅಣ್ಣ ಬಬಲೇಶ್ವರದಲ್ಲಿ ಮನೆ ಮಾಡಿದ್ದಾನೆ, ನೀರಿರುವ ತೋಟ ತಮ್ಮನ ಪಾಲಿಗೆ ಬಂದಿದೆ. ಇಂಥಲ್ಲಿ ನೆಗೆಣ್ಣಿ ತಾನಾಗಿ ಅಂಡಾಣು ಕೊಡುತ್ತಾಳೆಂದರೆ ಯಾರು ನಂಬಬೇಕು? ನಾಳೆ ಕೂಸು ನನ್ನದು, ತೋಟವೂ ನನ್ನದು ಎಂದು ಬಂದು ನಿಂತರೆ? ವಕೀಲರನ್ನು ಕಾಣದೆ ಒಂದು ಹೆಜ್ಜೆಯನ್ನೂ ಇಡಬೇಡ, ನಾನೂ ಬರುತ್ತೇನೆ ಎಂದೆ. (ಇಲ್ಲಿರುವ ಹೆಸರು ಯಾವುದೂ ನಿಜವಲ್ಲ. ರೇಣುಕಾಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಓದುವವರ ಮೇಲೂ ನನಗೆ ಪೂರ್ತಿ ಭರವಸೆಯಿಲ್ಲ.)

ಗೋಳಗುಮ್ಮಟ ಕಾಣುತ್ತಲೇ ಚೀಲ ಎತ್ತಿಕೊಂಡೆ. ನಿಲ್ದಾಣದಿಂದ ಬಸ್‌ಸ್ಟ್ಯಾಂಡಿಗೆ ಆಟೋದವನೊಡನೆ ಬಾಡಿಗೆಗೆ ಜಗಳವಾಡಿ, ಕೊನೆಗೆ ಅವನು ಕೇಳಿದಷ್ಟೇ ಕೊಟ್ಟೆ. ಅಥಣಿ ಕಡೆಯ ಬಸ್ಸಿನಲ್ಲಿ ಕಂಡಕ್ಟರು ನನ್ನ ಆಧಾರ್ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ ಪುಕ್ಕಟೆ ಟಿಕೆಟ್ ಹರಿದುಕೊಟ್ಟ. ಸರಕಾರ ಹೆಂಗಸರನ್ನು ಯಾಕೆ ಪುಕ್ಕಟೆ ಒಯ್ಯುತ್ತದೆಂದು ನನಗೆ ಆಗಾಗ ಅನುಮಾನ ಬರುತ್ತದೆ, ಆದರೂ ಹತ್ತುತ್ತೇನೆ. ತಿಕೋಟಾ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ರಸ್ತೆಯ ಪಕ್ಕದ ಹೊಲಗಳಲ್ಲಿ ಒಣದ್ರಾಕ್ಷಿ ಮಾಡುವ ಶೆಡ್ಡುಗಳು ಹಸಿರು ಪರದೆ ಹೊದ್ದು ನಿಂತಿದ್ದವು. ಬಸ್ಸಿನೊಳಗೂ ಹುಳಿಸಿಹಿ ವಾಸನೆ ಬರುತ್ತಿತ್ತು.

ಬೀಗತಿ, ಎಂದರೆ ರೇಣುಕಾಳ ಅತ್ತೆ, ಬಿಸಿ ರೊಟ್ಟಿ, ಪುಂಡಿಪಲ್ಯೆ, ಗಟ್ಟಿ ಮೊಸರು ಬಡಿಸಿದರು. ಉಪಚಾರ ಹೆಚ್ಚಾದಷ್ಟೂ ನಾನು ಎಚ್ಚರವಾಗಿ ಉಂಡೆ. ಹೊರಗಿನವರ ಅಂಡಾಣು ಯಾಕೆ ಬೇಡ ಎಂದು ಕೇಳಿದರೆ ಅವರ ಬಳಿ ಉತ್ತರ ಸಿದ್ಧವಿತ್ತು.

"ಕಸ್ತೂರಿ ಹಡದ ಎರಡೂ ಕೂಸು ನಮ್ಮ ಮನಿ ಮಾರೀವ ಅದಾವ್ರಿ. ಮೂರನೇದೂ ಹಂಗ ಬರತೈತಿ."

ಮುಖದ ಹೋಲಿಕೆ ಇರಲಿ, ಕಸ್ತೂರಿಯೂ ಬೇರೆ ಮನೆಯಿಂದ ಬಂದ ಸೊಸೆಯೇ, ಅವಳ ರಕ್ತಕ್ಕೂ ನಿಮ್ಮ ಮನೆತನಕ್ಕೂ ಏನು ಸಂಬಂಧ ಎಂದೆ. ಬೀಗತಿ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಮಾತಿನ ಭರದಲ್ಲಿ ಇನ್ನೊಂದು ವಿಷಯ ಹೊರಬಿತ್ತು. ಅವರ ಮನೆತನದಲ್ಲಿ ಹಿಂದೆ ಯಾರೋ ದತ್ತು ತೆಗೆದುಕೊಂಡಾಗ ಹೆತ್ತವಳ ಉಡಿ ತುಂಬಿ ಕೂಸನ್ನು ತಂದಿದ್ದರಂತೆ. ಇದೂ ಅಂಥದೇ ಎಂದುಕೊಂಡು, ಕಳೆದ ಶುಕ್ರವಾರ ಕಸ್ತೂರಿಯನ್ನು ಕರೆಸಿ, ಓಣಿಯ ಐದು ಜನ ಮುತ್ತೈದೆಯರನ್ನು ಕೂಡಿಸಿ, ರೇಣುಕಾಳ ಕೈಯಿಂದ ಅವಳ ಉಡಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಕುಬಸದ ಬಟ್ಟೆ ಹಾಕಿಸಿದ್ದರು. ಯಾತಕ್ಕೆಂದು ಮುತ್ತೈದೆಯರಿಗೆ ಬಾಯಿಬಿಟ್ಟು ಹೇಳಿದ್ದರು ಕೂಡ. ನನಗೆ ಸಿಟ್ಟು ನೆತ್ತಿಗೇರಿತು. ಹುಟ್ಟದ ಕೂಸಿನ ಸುದ್ದಿ ಇಡೀ ಓಣಿಗೆ ಗೊತ್ತಾಗಿತ್ತು. ರೇಣುಕಾ ತಲೆ ಎತ್ತದೆ ತಟ್ಟೆ ತೆಗೆದಳು.

ಮರುದಿನ ಬೆಳಿಗ್ಗೆ ರೇಣುಕಾ, ಬಸವರಾಜ, ನಾನು ಮೂವರೂ ವಿಜಯಪುರಕ್ಕೆ ಬಂದೆವು. ಟಿಕೆಟ್ ಹಣ ಕೊಟ್ಟವನು ಬಸವರಾಜ ಒಬ್ಬನೇ. ಕೋರ್ಟಿನ ಹತ್ತಿರ ಒಂದು ಮಾಳಿಗೆಯ ಮೇಲೆ ನಸೀಮಾ ವಕೀಲರ ಕಚೇರಿ. ರೇಣುಕಾಳ ಮೊದಲ ಚಿಕಿತ್ಸೆಯ ಹೊತ್ತಿಗೆ ಆಸ್ಪತ್ರೆಯಲ್ಲಿ ಯಾರೋ ಇವರ ಹೆಸರು ಹೇಳಿದ್ದರಂತೆ. ಅದನ್ನು ಕೇಳಿ, ಆಸ್ಪತ್ರೆಯವರಿಂದ ಇವರಿಗೇನಾದರೂ ಮುಟ್ಟುತ್ತದೋ ಎಂದು ನಾನು ಅವರನ್ನೇ ಕೇಳಿಬಿಟ್ಟೆ. ಅವರು ನಕ್ಕು, ಮುಟ್ಟಿದ್ದರೆ ಈ ಕುರ್ಚಿಯ ಮುರಿದ ಕೈ ರಿಪೇರಿ ಮಾಡಿಸುತ್ತಿದ್ದೆ ಎಂದರು. ಕುರ್ಚಿಗೆ ನಿಜವಾಗಿಯೂ ಒಂದು ಕೈ ಇರಲಿಲ್ಲ.

ಕಸ್ತೂರಿ ಮುಂದೆ ಕೂಸಿನ ಮೇಲೆ ಹಕ್ಕು ಹೇಳದಂತೆ ಬಾಂಡ್ ಕಾಗದದ ಮೇಲೆ ಬರೆಸಿಕೊಡಿ ಎಂದು ಬಸವರಾಜ ಕೇಳಿದ. ಅಂಥ ಬಾಂಡಿನ ಅಗತ್ಯವೇ ಇಲ್ಲ, ಯಾಕೆಂದರೆ ಕಸ್ತೂರಿಯ ಅಂಡಾಣು ತೆಗೆದುಕೊಳ್ಳುವ ದಾರಿಯೇ ಇಲ್ಲ ಎಂದರು ವಕೀಲರು. ಈಗಿನ ಕಾನೂನಿನಂತೆ ಅಂಡಾಣು ಬರಬೇಕಾದ್ದು ಅದಕ್ಕೆಂದೇ ನೋಂದಣಿಯಾದ ಬ್ಯಾಂಕಿನಿಂದ. ಕೊಡುವವಳು ಯಾರೆಂದು ಪಡೆಯುವವರಿಗೆ ತಿಳಿಯುವುದಿಲ್ಲ, ಯಾರಿಗೆ ಹೋಯಿತೆಂದು ಅವಳಿಗೂ ತಿಳಿಯುವುದಿಲ್ಲ. ಮಾರುವಂತಿಲ್ಲ. ಜೀವನದಲ್ಲಿ ಒಮ್ಮೆ ಮಾತ್ರ ಕೊಡಬಹುದು. ಕೊಟ್ಟವಳಿಗೆ ಕೂಸಿನ ಮೇಲೆ ಯಾವ ಹಕ್ಕೂ ಇರುವುದಿಲ್ಲ. ಹುಟ್ಟಿದ ಕೂಸು ಎಲ್ಲ ರೀತಿಯಿಂದಲೂ ಈ ಗಂಡಹೆಂಡಿರದು, ಆಸ್ತಿಯ ವಿಷಯದಲ್ಲೂ ಅಷ್ಟೇ. ಒಂದೊಂದು ಮಾತನ್ನೂ ನಾನು ಎರಡೆರಡು ಸಲ ಕೇಳಿದೆ. ಅವರು ಬೇಸರಿಸದೆ ಎರಡೆರಡು ಸಲ ಹೇಳಿದರು. ಒಳಗೊಳಗೆ ನನಗೆ ಖುಷಿಯಾಗಿತ್ತು, ಕಸ್ತೂರಿಯ ಆಟ ಇಲ್ಲಿಗೆ ಮುಗಿಯಿತೆಂದು.

ಆಗ ರೇಣುಕಾ ಮೊದಲ ಸಲ ಬಾಯಿ ತೆರೆದು ಉಡಿ ತುಂಬಿದ ಕತೆ ಹೇಳಿದಳು. ವಕೀಲರು ಪೆನ್ನು ಕೆಳಗಿಟ್ಟರು. ಬ್ಯಾಂಕಿನಿಂದ ಪಡೆದರೂ ತಿಕೋಟಾದ ಓಣಿ ನಂಬುವುದಿಲ್ಲವಲ್ಲ, ಕೂಸು ಕಸ್ತೂರಿಯದೇ ಎಂದು ಜೀವಮಾನವಿಡೀ ಬೊಟ್ಟು ಮಾಡುತ್ತದಲ್ಲ ಎಂಬುದು ಅವಳ ಸಂಕಟ. ಯಾರೂ ಬೊಟ್ಟು ಮಾಡದ ಒಂದು ಕೂಸು ತನಗೆ ಬೇಕು, ಅಷ್ಟೇ ಎಂದು ಅತ್ತಳು.

"ಕಾನೂನಿನ ಕೆಲಸ ನಾ ಮಾಡತೇನಿ," ಎಂದರು ವಕೀಲರು. "ಓಣಿ ಕೆಲಸ ಮಾಡೂದು ಆ ನಿಮ್ಮ ನೆಗೆಣ್ಣಿ ಕೈಯಾಗ ಐತವ್ವಾ. ಅಕಿನ್ನ ಹೋಗಿ ಕಾಣ್ರಿ."

ಬಸ್‌ಸ್ಟ್ಯಾಂಡಿನಲ್ಲಿ ಚುರುಮುರಿ ಸೂಸಲ ತಿಂದು ಬಬಲೇಶ್ವರದ ಬಸ್ಸು ಹಿಡಿದೆವು. ಅದೂ ಇಪ್ಪತ್ತು ಕಿಲೋಮೀಟರಿಗೆ ತುಸು ಹೆಚ್ಚು. ಮಾಘದ ಬಿಸಿಲೇ ಇಷ್ಟಿದ್ದರೆ ಮುಂದೆ ಹೇಗೋ ಎಂದು ಪಕ್ಕದ ಮುದುಕರು ಜೈನಾಪುರದ ಬೀಗರೊಡನೆ ಫೋನಿನಲ್ಲಿ ಗೊಣಗುತ್ತಿದ್ದರು. ನಾನು ದಾರಿಯುದ್ದಕ್ಕೂ ಕಸ್ತೂರಿಗೆ ಹೇಳಬೇಕಾದ ಮಾತನ್ನು ಸಾಣೆ ಹಿಡಿಯುತ್ತಿದ್ದೆ.

ಕಸ್ತೂರಿ ಪಡಸಾಲೆಯಲ್ಲಿ ಮೊರ ಹಿಡಿದು ತೊಗರಿ ಹಸನು ಮಾಡುತ್ತಿದ್ದಳು. ಮೂವತ್ತು ದಾಟಿದ, ಸಣ್ಣ ಮೈಕಟ್ಟಿನ ಹೆಣ್ಣು. ಚಹಾ ಕೊಟ್ಟಳು, ಅವಳು ಒಂದು ಗುಟುಕು ಕುಡಿದ ಮೇಲೆ ನಾನೂ ಕುಡಿದೆ. ಬಸವರಾಜ ಅಣ್ಣನನ್ನು ಹುಡುಕಿಕೊಂಡು ಹೊಲಕ್ಕೆ ಹೋದ. ವಕೀಲರು ಹೇಳಿದ್ದನ್ನೆಲ್ಲ ನಾನೇ ಹೇಳಿದೆ, ಅವಳ ಮುಖವನ್ನೇ ನೋಡುತ್ತ. ಅವಳು ಮೊರವನ್ನು ಬದಿಗಿಟ್ಟು ಉಸಿರು ಬಿಟ್ಟಳು. ಆ ಉಸಿರು ಕೂಡ ನಾಟಕವೇ ಇರಬಹುದು ಅನ್ನಿಸಿತು. ಇದರಲ್ಲಿ ನಿಮಗೇನು ಬೇಕಾಗಿತ್ತು, ಯಾಕೆ ಕೊಡುತ್ತೇನೆಂದಿರಿ ಎಂದು ನೇರವಾಗಿ ಕೇಳಿದೆ.

"ಕೊಡತೇನಿ ಅಂತ ನಾ ಯಾವಾಗ ಅಂದೇನ್ರಿ ಅಕ್ಕಾರ?" ಎಂದಳು. "ಊಟಕ್ಕ ಬಾ ಅಂದ್ರು ಅತ್ತಿ, ಹೋದ್ನಿ. ಮಣಿ ಮ್ಯಾಲೆ ಕುಂಡ್ರಿಸಿ ಉಡಿ ತುಂಬಿದ್ರು. ತುಂಬಿದ ಮ್ಯಾಲೆ ಯಾಕ ಅಂತ ಹೇಳಿದ್ರು. ಐದು ಮಂದಿ ಮುತ್ತೈದೇರ ಮುಂದ ತುಂಬಿದ ಉಡಿ ಝಾಡಿಸಿ ಏಳಾಕ ಬರತೈತೇನ್ರಿ?"

ರೇಣುಕಾ ದಿಗ್ಗನೆ ಅವಳ ಕಡೆ ತಿರುಗಿದಳು. ಕಸ್ತೂರಿ ಅಕ್ಕ ಒಪ್ಪಿದ್ದಾಳೆಂದು ಅತ್ತೆ ಹೇಳಿದ್ದರಿಂದಲೇ ತಾನು ಉಡಿ ತುಂಬಿದ್ದು ಎಂದಳು. ಕಸ್ತೂರಿಗೆ ಅದು ಹೊಸ ಸುದ್ದಿಯಾಗಿತ್ತು. ಆ ಮನೆಯ ಇಬ್ಬರು ಸೊಸೆಯರು ಇಷ್ಟು ದಿನ ಒಬ್ಬರನ್ನೊಬ್ಬರು ಅನುಮಾನಿಸಿಕೊಂಡು, ಫೋನನ್ನೂ ಮಾಡದೆ ಕೂತಿದ್ದರು.

ಕಸ್ತೂರಿ ನನ್ನ ಕಡೆ ತಿರುಗಿದಳು. "ನಾ ತ್ವಾಟಕ್ಕ ಆಸೆ ಪಟ್ಟೇನಿ ಅಂತ ತಿಳಕೊಂಡೀರಿ. ತ್ವಾಟದ್ದಲ್ರಿ, ನನಗ ನನ್ನ ಅಂಜಿಕಿನ ಇತ್ತು. ನಾ ಕೊಟ್ಟಿದ್ರ, ಕೂಸು ಅತ್ತರ ಎದ್ದು ಅದರ ಕಡೆ ಓಡಿ ಹೋಗತಿದ್ನಿ. ಬೈದ್ರ ಯಾಕ ಬೈತಿ ಅಂತ ಇಕಿ ಕೂಡ ಜಗಳಾಡತಿದ್ನಿ. ಇಕಿ ತಾಯಿ ಆಗಾಕ ನಾ ಬಿಡತಿದ್ದಿಲ್ಲ."

ನನಗೆ ನಾಚಿಕೆಯಾಯಿತು, ಅದನ್ನು ಮುಚ್ಚಿಕೊಳ್ಳಲು ಖಾಲಿ ಕಪ್ಪನ್ನು ಮತ್ತೆ ಬಾಯಿಗಿಟ್ಟೆ. ಓಣಿಯ ಚಿಂತೆಯನ್ನು ರೇಣುಕಾ ಹೇಳುವ ಮೊದಲೇ ಕಸ್ತೂರಿ ತಾನಾಗಿ ಎತ್ತಿದಳು. ಬರುವ ವಾರ ತಿಕೋಟಾಕ್ಕೆ ಬಂದು ಅದೇ ಐದು ಮನೆಗೆ ಹೋಗುತ್ತೇನೆ, ಡಾಕ್ಟರು ನನ್ನನ್ನು ಪರೀಕ್ಷೆ ಮಾಡಿ ನನ್ನ ಅಂಡಾಣು ಉಪಯೋಗವಿಲ್ಲ ಎಂದರು ಅಂತ ನಾನೇ ಹೇಳುತ್ತೇನೆ ಎಂದಳು. ಎರಡು ಹೆತ್ತವಳು ತನ್ನ ಮೇಲೆ ತಾನೇ ಕುಂದು ಹೊತ್ತುಕೊಳ್ಳುವ ಮಾತು ಅದು. ರೇಣುಕಾ ಬೇಡವೆಂದಳು. ಕಸ್ತೂರಿ ಮೊರ ಎತ್ತಿಕೊಂಡು, ನಿನಗೆ ಇದರ ಉಸಾಬರಿ ಬೇಡ ಎಂದು ಗದರಿದಳು. ನಾವು ಹೊರಡುವಾಗ ಊರ ಅಗಸೆ ಬಾಗಿಲವರೆಗೆ ಬಂದು, ರೇಣುಕಾಳ ಸೆರಗು ಸರಿಮಾಡಿ ಹಿಂತಿರುಗಿದಳು.

ಸಂಜೆಯ ಬಸ್ಸಿನಲ್ಲಿ ರೇಣುಕಾ ನನ್ನ ಪಕ್ಕದಲ್ಲಿ ಕಿಟಕಿಗೆ ಕೂತಿದ್ದಳು. ಬಸವರಾಜ ಮುಂದೆ ಬಾಗಿಲ ಹತ್ತಿರ ನಿಂತಿದ್ದ. ಹೊರಗೆ ಕೊಯ್ದ ಜೋಳದ ಹೊಲಗಳಿಗೆ ಇಳಿಬಿಸಿಲು ಬಿದ್ದಿತ್ತು. ನಾಳೆಯೇ ಆಸ್ಪತ್ರೆಗೆ ಹೋಗಿ ಬ್ಯಾಂಕಿಗೆ ಬರೆಯಲು ಹೇಳುತ್ತೇನೆ ಎಂದಳು ರೇಣುಕಾ. ಬ್ಯಾಂಕಿನವರು ಎಂಥವಳನ್ನು ಆರಿಸುತ್ತಾರೋ, ಯಾವ ಊರಿನವಳೋ, ಯಾವ ಕುಲದವಳೋ ಎಂದು ನಾನು ಶುರುಮಾಡಿದೆ. ಅವಳು ನನ್ನ ಕೈ ಹಿಡಿದು ನಿಲ್ಲಿಸಿದಳು.

"ಚಿಗವ್ವ, ಕೂಸು ಹುಟ್ಟಿದ ಮ್ಯಾಲೆ ಅದರ ಮಾರಿ ನೋಡಿ ಯಾರ್ಹಂಗ ಐತಿ ಅಂತ ನೀನೂ ಹುಡುಕತಿ ಅಲ್ಲ?"

ಇಲ್ಲವೆಂದರೆ ಸುಳ್ಳಾಗುತ್ತಿತ್ತು. ಹುಡುಕಿದರೂ ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ ಎಂದೆ.

"ಬಾಯಿ ಬಿಡಬ್ಯಾಡ ಅನ್ನಾಕತ್ತಿಲ್ಲ ನಾ," ಎಂದಳು. "ಹುಡುಕಬ್ಯಾಡ."

ಆಗಲಿ ಎಂದೆ. ವಿಜಯಪುರದ ದೀಪಗಳು ಕಾಣುವವರೆಗೂ ಅವಳು ನನ್ನ ಕೈ ಬಿಡಲಿಲ್ಲ. ಆದರೆ ನನ್ನ ಮಾತನ್ನು ನಂಬಿದಂತೆ ಕಾಣಲಿಲ್ಲ.