ಕೆಂಪು ಬಟ್ಟೆಯ ಹಿಂದಿನ ಯೋರ್ಲೆನಿ

ಯೋರ್ಲೆನಿ ಹೊಂಡುರಾಸಿನವಳು, ನಾನು ಈಕ್ವೆಡಾರಿನವಳು. ಬಾರ್ಸಿಲೋನಾದ ಅಂಚಿನಲ್ಲಿ ಒಂದೇ ಕೋಣೆಯಲ್ಲಿದ್ದೆವು. ವಾರವಿಡೀ ಅವಳು ಯಾರದೋ ಮನೆಯ ಮುದುಕಿಗೆ ಸ್ನಾನ ಮಾಡಿಸುತ್ತಿದ್ದಳು. ಭಾನುವಾರ ಸಂಜೆ ಚೌಕದಲ್ಲಿ ರ‍್ಯಾಪ್ ಹಾಡುತ್ತಿದ್ದಳು. ಮೊರಾಕ್ಕೊದ ಹುಡುಗರು ತಾಳ ಹಾಕಿದರೆ ಸಾಕು, ಮೆಟ್ರೊ, ಬಾಡಿಗೆ, ಆ ಮುದುಕಿಯ ಮಗನ ಬೈಗುಳ ಎಲ್ಲವೂ ಇವಳ ಸ್ಪ್ಯಾನಿಷ್‌ನಲ್ಲಿ ಹಾಡಾಗುತ್ತಿದ್ದವು. ಈ ದೇಶದಲ್ಲಿ ಇರಲು ಅವಳ ಹತ್ತಿರ ಕಾಗದಪತ್ರ ಇರಲಿಲ್ಲ. ಪೊಲೀಸರು ಗುರುತು ಹಿಡಿದಾರೆಂದು ಮುಖಕ್ಕೆ ಕೆಂಪು ಬಟ್ಟೆ ಕಟ್ಟಿಸಿದವಳು ನಾನೇ. ವಿಡಿಯೊ ತೆಗೆಯುತ್ತಿದ್ದವಳೂ ನಾನೇ.

ಮೂರು ವರ್ಷ ಇಲ್ಲೇ ಇದ್ದದ್ದಕ್ಕೆ ಸಾಕ್ಷಿ ಕೊಟ್ಟರೆ ಕಾಗದ ಸಿಗುತ್ತಿತ್ತು. ಆದರೆ ನಗರಸಭೆಯ ಪಟ್ಟಿಯಲ್ಲಿ ನಮ್ಮ ಕೋಣೆಯ ವಿಳಾಸಕ್ಕೆ ಅವಳ ಹೆಸರು ಬರೆಸಲು ಮನೆ ಮಾಲೀಕ ಒಪ್ಪಿರಲಿಲ್ಲ. ಊರಲ್ಲಿ ಅವಳ ತಾಯಿ ಹಾಸಿಗೆ ಹಿಡಿದಿದ್ದಳು. ಕಾಗದವಿಲ್ಲದೆ ಹೋದರೆ ವಾಪಸ್ ಬರುವ ಹಾಗಿಲ್ಲ. ಕೊನೆಗೆ ವಕೀಲೆಯ ಮುಂದೆ ನಮ್ಮ ವಿಡಿಯೊಗಳನ್ನೇ ಹಿಡಿದೆವು. ಮೂರು ವರ್ಷದ ಭಾನುವಾರಗಳು, ತಾರೀಖಿನ ಸಮೇತ.

ವಕೀಲೆ ನಾಲ್ಕೈದು ನೋಡಿ, "ಇದರಲ್ಲಿ ನಿನ್ನ ಮುಖ ಎಲ್ಲಮ್ಮಾ?" ಅಂದಳು.

"ದನಿ ನಂದೇ ಮೇಡಂ. ಇಡೀ ಬೀದಿಗೆ ಗೊತ್ತು."

"ಬೀದಿ ಕಾಗದ ಕೊಡಲ್ವಲ್ಲ."

ವಾಪಸ್ ಬರುವಾಗ ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ಭಾನುವಾರ ಬಟ್ಟೆ ಕಟ್ಟದೆ ಬಂದು ಚೌಕದ ನಡುವೆ ನಿಂತಳು. ವಾರವಾರವೂ ಮುಂದೆಯೇ ಕೂರುವ ಮುದುಕನೊಬ್ಬ, "ಸ್ವಲ್ಪ ಪಕ್ಕಕ್ಕೆ ಹೋಗಮ್ಮ, ನಮ್ಮ ಹಾಡೋ ಹುಡುಗಿ ಬರೋ ಹೊತ್ತಾಯ್ತು" ಅಂದ.

ಅವಳು ಅಲ್ಲಾಡಲಿಲ್ಲ. ನನ್ನ ಫೋನಿನ ಕಡೆ ತಿರುಗಿ, "ತಾರೀಖು ಬೀಳ್ತಿದೆಯಾ ಅಕ್ಕ?" ಅಂದಳು.

"ಬೀಳ್ತಿದೆ."

"ಹಾಗಾದ್ರೆ ಮೂರು ವರ್ಷ ಇವತ್ತಿಂದ" ಅಂದು ಹಾಡು ಶುರು ಮಾಡಿದಳು.